ಬೆರಳಿಗೆ ನಿಲುಕದ ಪಿಯಾನೊ

ಪಿಯಾನೊಕ್ಕೆ 88 ಕೀಗಳು, ನುಡಿಸುವವರಿಗೆ ಹತ್ತೇ ಬೆರಳು. ಈ ಮಿತಿಯನ್ನು ಕಂಪ್ಯೂಟರಿಗಿಂತ ಎಷ್ಟೋ ಮೊದಲೇ ಕಾಗದದ ಸುರುಳಿ ದಾಟಿತ್ತು. 19ನೆಯ ಶತಮಾನದ ಕೊನೆಗೆ ಅಮೆರಿಕದಲ್ಲಿ ಬಳಕೆಗೆ ಬಂದ ‘ಪ್ಲೇಯರ್ ಪಿಯಾನೊ’ದಲ್ಲಿ ತೂತು ಹೊಡೆದ ಕಾಗದ ಉರುಳುತ್ತ ಹೋಗುತ್ತದೆ, ತೂತು ಬಂದೆಡೆ ಗಾಳಿ ನುಗ್ಗಿ, ಪುಟ್ಟ ತಿದಿ ಕುಗ್ಗಿ, ಸುತ್ತಿಗೆ ತಂತಿಗೆ ಬಡಿಯುತ್ತದೆ. ಮನೆಯ ಮನರಂಜನೆಗೆಂದು ಹುಟ್ಟಿದ ಈ ಯಂತ್ರವನ್ನು ರೇಡಿಯೊ, ಗ್ರಾಮಫೋನುಗಳು 1930ರ ಹೊತ್ತಿಗೆ ಮೂಲೆಗೆ ತಳ್ಳಿದವು. ಅದೇ ವರ್ಷ ಸಂಗೀತ ರಚನಕಾರ ಹೆನ್ರಿ ಕೊವೆಲ್ ‘ನ್ಯೂ ಮ್ಯೂಸಿಕಲ್ ರಿಸೋರ್ಸಸ್’ ಎಂಬ ಪುಸ್ತಕದಲ್ಲಿ, ಕೈಗೆ ಒಗ್ಗದ ಲಯಗಳನ್ನು ಇಂಥ ಸುರುಳಿಯ ಮೇಲೆ ಕೊರೆಯಬಹುದೆಂದು ಸೂಚಿಸಿದ.

ಆ ಸೂಚನೆಯನ್ನೇ ಬದುಕಾಗಿಸಿಕೊಂಡವನು ಸಂಗೀತ ರಚನಕಾರ ಕಾನ್ಲನ್ ನ್ಯಾನ್‌ಕ್ಯಾರೊ (1912–1997). ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೊ ವಿರುದ್ಧ ಹೋರಾಡಿ ಬಂದ ಈ ಕಮ್ಯುನಿಸ್ಟನಿಗೆ ಅಮೆರಿಕ ಪಾಸ್‌ಪೋರ್ಟ್ ನಿರಾಕರಿಸಿತು. 1940ರಲ್ಲಿ ಆತ ಮೆಕ್ಸಿಕೊ ಸಿಟಿ ಸೇರಿದ. 1947ರಲ್ಲಿ ನ್ಯೂಯಾರ್ಕಿಗೆ ಹೋಗಿ ಪ್ಲೇಯರ್ ಪಿಯಾನೊ ಕೊಂಡ, ಸುರುಳಿಗೆ ತೂತು ಹೊಡೆಯುವ ಯಂತ್ರವನ್ನೂ ಮಾಡಿಸಿಕೊಂಡ. ಒಂದೊಂದೇ ತೂತು ಹೊಡೆಯುತ್ತ, ಕೆಲವೇ ನಿಮಿಷದ ಕೃತಿಗೆ ತಿಂಗಳುಗಟ್ಟಲೆ ದುಡಿದು, ಆತ ಸುಮಾರು 50 ‘ಸ್ಟಡಿ’ಗಳನ್ನು ರಚಿಸಿದ. 25ನೆಯದರ ಕೊನೆಯ ಹನ್ನೆರಡು ಸೆಕೆಂಡಿನಲ್ಲಿ ಸಾವಿರಕ್ಕೂ ಹೆಚ್ಚು ಸ್ವರಗಳು ಸುರಿಯುತ್ತವೆ.

ಆದರೆ ನ್ಯಾನ್‌ಕ್ಯಾರೊನ ಹೆಚ್ಚುಗಾರಿಕೆ ಈ ದಟ್ಟಣೆಗಿಂತ ಅವನ ಲಯದಲ್ಲಿದೆ. 21ನೆಯ ಸ್ಟಡಿಯಲ್ಲಿ ಒಂದು ಎಳೆ ವೇಗ ಏರಿಸುತ್ತ ಹೋದಂತೆ ಇನ್ನೊಂದು ಇಳಿಸುತ್ತದೆ. 37ನೆಯದರಲ್ಲಿ ಹನ್ನೆರಡು ಎಳೆಗಳಿಗೆ ಹನ್ನೆರಡು ವೇಗ. ಈ ಬಗೆಯ ಲೆಕ್ಕ ಕರ್ನಾಟಕ ಸಂಗೀತ ಬಲ್ಲ ಕಿವಿಗೆ ತೀರ ಹೊಸದಲ್ಲ. ಬೆಂಗಳೂರಿನಲ್ಲಿ ರಾಜಾಜಿನಗರದಿಂದ ಕೆಂಗೇರಿಯವರೆಗೆ ಮನೆಪಾಠಕ್ಕೆ ಹೋಗುವ ಮಕ್ಕಳು ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡುತ್ತಾರೆ. ಪಲ್ಲವಿಯ ಅನುಲೋಮದಲ್ಲಿ ತಾಳ ಇದ್ದಂತೆಯೇ ಇರುತ್ತದೆ, ಸಾಹಿತ್ಯ ಮಾತ್ರ ಇಮ್ಮಡಿ, ನಾಲ್ಮಡಿ ವೇಗದಲ್ಲಿ ಓಡುತ್ತದೆ. ಅಲ್ಲಿನ ಲೆಕ್ಕವೆಲ್ಲ ಕೈಯಲ್ಲಿ ಎಣಿಸಬಹುದಾದ ಪೂರ್ಣಾಂಕಗಳದು. ನ್ಯಾನ್‌ಕ್ಯಾರೊ ಮಾತ್ರ 33ನೆಯ ಸ್ಟಡಿಯಲ್ಲಿ ಎರಡಕ್ಕೂ ಎರಡರ ವರ್ಗಮೂಲಕ್ಕೂ ಇರುವ ಅನುಪಾತವನ್ನೇ ಹಿಡಿದ. ಅದಕ್ಕೆ ತಾಳ ಹಾಕುವುದು ಕೈಗೆ ತೀರ ಕಷ್ಟ, ಸುರುಳಿಗೆ ಸುಲಭ.

ಸಂಗೀತವನ್ನು ನಿಯಮದಿಂದ ಹುಟ್ಟಿಸುವ ಯೋಚನೆ ಇನ್ನೂ ಹಳೆಯದು. 13ನೆಯ ಶತಮಾನದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಏಳು ಸ್ವರಗಳ 5,040 ಜೋಡಣೆಗಳನ್ನೂ ಕ್ರಮವಾಗಿ ಪಟ್ಟಿಮಾಡುವ ‘ಪ್ರಸ್ತಾರ’ದ ವಿಧಾನ ಕೊಟ್ಟ, ಅದಕ್ಕೆ ವಿಜಯನಗರದಲ್ಲಿ ಕಲ್ಲಿನಾಥ ‘ಕಲಾನಿಧಿ’ ಎಂಬ ವ್ಯಾಖ್ಯಾನ ಬರೆದ. ಕಂಪ್ಯೂಟರ್ ಈ ಕೆಲಸಕ್ಕೆ ಇಳಿದದ್ದು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ: ಅಲ್ಲಿನ ಹಿಲ್ಲರ್ ಮತ್ತು ಐಸಾಕ್ಸನ್ 1950ರ ದಶಕದಲ್ಲಿ ರೂಪಿಸಿದ ‘ಇಲಿಯಾಕ್ ಸೂಟ್’. ಅದು ತಂತಿವಾದ್ಯಗಳಿಗೆ ಬರೆದದ್ದು, ಸಾಕಷ್ಟು ಸೌಮ್ಯವಾದದ್ದು.

ದಟ್ಟಣೆಗೆ ದಾರಿ ತೆರೆದದ್ದು, ವಿದ್ಯುನ್ಮಾನ ವಾದ್ಯಗಳನ್ನೂ ಕಂಪ್ಯೂಟರನ್ನೂ ಬೆಸೆಯುವ 1983ರ ‘ಮಿಡಿ’ ವ್ಯವಸ್ಥೆ. ಆದರೆ ಅದರ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್‌ಗಳಷ್ಟೇ ಹರಿಯುತ್ತವೆ. ಒಂದು ಸ್ವರ ಆರಂಭಿಸಲು ಸಾಮಾನ್ಯವಾಗಿ 30 ಬಿಟ್ ಬೇಕು. ಸೆಕೆಂಡಿಗೆ ಸಾವಿರ ಸ್ವರ ದಾಟಿತೆಂದರೆ ತಂತಿ ಉಸಿರುಗಟ್ಟುತ್ತದೆ. 2009ರ ಸುಮಾರಿಗೆ ಜಪಾನಿನಲ್ಲಿ ಹುಟ್ಟಿದ ‘ಬ್ಲ್ಯಾಕ್ ಮಿಡಿ’ ತಂತಿಯ ಗೊಡವೆಯನ್ನೇ ಬಿಟ್ಟು, ಎಲ್ಲವನ್ನೂ ಕಂಪ್ಯೂಟರಿನೊಳಗೇ ನುಡಿಸಿತು. ಸ್ವರಲಿಪಿ ಕಪ್ಪಾಗುವಷ್ಟು ಸ್ವರ ತುಂಬುವುದರಿಂದ ಆ ಹೆಸರು. ನಾಲ್ಕು ನಿಮಿಷಕ್ಕೆ ಹತ್ತು ಲಕ್ಷ ಸ್ವರವೆಂದರೆ ಸೆಕೆಂಡಿಗೆ ನಾಲ್ಕು ಸಾವಿರ ಮೀರುತ್ತದೆ. ಇಂಥವುಗಳಲ್ಲಿ ಬಹುಪಾಲು ಬರಿಯ ಎಣಿಕೆಯ ಪೈಪೋಟಿ. ಕುತೂಹಲದ ಸಂಗತಿ ಬೇರೆಯೇ ಇದೆ: ಒಂದೇ ಸ್ವರ ಸೆಕೆಂಡಿಗೆ ಸುಮಾರು 20ಕ್ಕಿಂತ ಹೆಚ್ಚು ಬಾರಿ ಮರುಕಳಿಸಿದರೆ ಕಿವಿ ಬಡಿತಗಳನ್ನು ಬಿಡಿಬಿಡಿಯಾಗಿ ಹಿಡಿಯಲಾರದೆ, ಅವನ್ನು ಹೊಸದೊಂದು ಮಂದ್ರ ನಾದವಾಗಿ ಕೇಳತೊಡಗುತ್ತದೆ. ನಿಜವಾದ ಪಿಯಾನೊದಲ್ಲಿ ಸುತ್ತಿಗೆ ಹಿಂದಿರುಗುವ ಮುನ್ನ ಮತ್ತೆ ಬಡಿಯಲಾಗದು; ಆ ನಾದಕ್ಕೆ ಸ್ಪೀಕರೇ ಬೇಕು.