ಅಚ್ಚುಕಟ್ಟುದಾರರಿಲ್ಲದ ಕೆರೆ: ವೇಲಚೇರಿಯ ಯೋಜನೆಗಳ ಬಗ್ಗೆ ಒಂದು ಟಿಪ್ಪಣಿ

2024ರ ಅಕ್ಟೋಬರ್ ನಡುವಿನಲ್ಲಿ ಭಾರೀ ಮಳೆಯ ಮುನ್ಸೂಚನೆ ಬಂದ ಕೂಡಲೇ ಚೆನ್ನೈನ ವೇಲಚೇರಿಯ ಜನ ತಮ್ಮ ಕಾರುಗಳನ್ನು ಮೇಲ್ಸೇತುವೆಗೆ ಹತ್ತಿಸಿ ಸಾಲಾಗಿ ನಿಲ್ಲಿಸಿಬಿಟ್ಟರು. ಮಳೆ ಇನ್ನೂ ಜೋರಾಗಿರಲಿಲ್ಲ. ಪೊಲೀಸರು ದಂಡ ಹಾಕುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು, ಇಲ್ಲ ಎಂಬ ಸ್ಪಷ್ಟನೆಯೂ ಬಂತು. ಜನ ಮಾತ್ರ ಕದಲಲಿಲ್ಲ. ಎಂಜಿನ್‌ಗೆ ನೀರು ನುಗ್ಗಿದರೆ ಆಗುವ ಖರ್ಚಿನ ಮುಂದೆ ದಂಡ ಯಾವ ಲೆಕ್ಕ ಎಂಬುದು ಅವರ ಗಣಿತ. ಹಿಂದಿನ ವರ್ಷದ ಮಿಚಾಂಗ್ ಚಂಡಮಾರುತ ಆ ಗಣಿತವನ್ನು ಚೆನ್ನಾಗಿಯೇ ಕಲಿಸಿತ್ತು.

ನಗುವಂಥ ಪ್ರಸಂಗವೆನ್ನಿಸಿದರೂ ಅಭಿವೃದ್ಧಿ ಯೋಜನೆಗಳನ್ನು ಓದುವವರಿಗೆ ಇದರಲ್ಲಿ ಕೆಲಸವಿದೆ. ಮೇಲ್ಸೇತುವೆ ಕಟ್ಟಿದ್ದು ವಾಹನ ಓಡಲಿಕ್ಕೆ. ಅದು ಜನರಿಗೆ ಒದಗಿದ್ದು ವಾಹನ ನಿಲ್ಲಿಸಲಿಕ್ಕೆ. ಯೋಜನಾ ವರದಿಯ ಯಾವ ಪುಟದಲ್ಲೂ ಇರಲಾರದ ಈ ಉಪಯೋಗವನ್ನು ಕಂಡುಕೊಂಡವರು ಅಲ್ಲಿ ವಾಸವಿರುವವರು. ಹೀಗಾಗಲು ಮುಂಚೆ ಏನೇನು ಆಗಿರಬೇಕು ಎಂಬುದನ್ನು ಸಾರ್ವಜನಿಕ ದಾಖಲೆಗಳ ಆಧಾರದ ಮೇಲೆ ನೋಡುವುದು ಈ ಟಿಪ್ಪಣಿಯ ಉದ್ದೇಶ.

ಮೊದಲು ಪರಿಭಾಷೆ. ಫಲವನ್ನು ಮುಂದಿಟ್ಟುಕೊಂಡು ಯೋಜನೆ ರೂಪಿಸುವ ಕ್ರಮಕ್ಕೆ ಒಂದು ತಖ್ತೆ ಇದೆ. 1969ರ ಸುಮಾರಿಗೆ ಅಮೆರಿಕದ ಅಂತರರಾಷ್ಟ್ರೀಯ ನೆರವಿನ ಸಂಸ್ಥೆಗಾಗಿ ಲಿಯಾನ್ ರೋಸೆನ್‌ಬರ್ಗ್ ಮತ್ತು ಸಂಗಡಿಗರು ಸಿದ್ಧಪಡಿಸಿದ ಇದಕ್ಕೆ ನಾಲ್ಕು ಸಾಲು, ನಾಲ್ಕು ಕಾಲಮ್. ಸಾಲುಗಳು ಹೂಡಿಕೆಯಿಂದ ಹುಟ್ಟುವಳಿಗೆ, ಅಲ್ಲಿಂದ ಫಲಕ್ಕೆ, ಕೊನೆಗೆ ದೂರದ ಗುರಿಗೆ ಏರುತ್ತವೆ. ಗದ್ದೆಯ ಲೆಕ್ಕದಲ್ಲಿ ಹೇಳುವುದಾದರೆ ಬೀಜ ಗೊಬ್ಬರ ಹೂಡಿಕೆ, ಕಣಕ್ಕೆ ಬಂದ ರಾಶಿ ಹುಟ್ಟುವಳಿ, ಮನೆಮಂದಿ ವರ್ಷವಿಡೀ ಉಂಡರೋ ಇಲ್ಲವೋ ಎಂಬುದು ಫಲ. ಕಾಲಮ್‌ಗಳಲ್ಲಿ ಮೊದಲನೆಯದು ವಿವರಣೆ, ಎರಡನೆಯದು ಅಳತೆಗೋಲು, ಮೂರನೆಯದು ಆ ಅಳತೆಗೆ ಪುರಾವೆ. ನಾಲ್ಕನೆಯದು ಊಹೆಗಳದ್ದು. ಅಂದರೆ ನಮ್ಮ ಕೈಯಲ್ಲಿ ಇಲ್ಲದ, ಆದರೆ ಸರಿಯಾಗಿ ನಡೆದೀತೆಂದು ನಾವು ನಂಬಿಕೊಂಡಿರುವ ಸಂಗತಿಗಳದ್ದು. 1980ರ ದಶಕದಲ್ಲಿ ಜರ್ಮನಿಯ ನೆರವು ಸಂಸ್ಥೆ ಇದನ್ನೇ ತಿದ್ದಿ, ತಖ್ತೆ ತುಂಬುವ ಮೊದಲು ಸಂಬಂಧಪಟ್ಟವರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ ಸಮಸ್ಯೆಗಳನ್ನು ಚೀಟಿಗಳಲ್ಲಿ ಬರೆಸುವ ಪದ್ಧತಿ ತಂದಿತು. ನಮ್ಮ ಕೇಂದ್ರ ಸರ್ಕಾರ 2005ರಲ್ಲಿ ಫಲಿತಾಂಶ ಬಜೆಟ್ ಮಂಡಿಸಲು ಶುರುಮಾಡಿದ್ದರ ಹಿಂದೆ ಇರುವುದೂ ಇದೇ ವಿಚಾರ: ಎಷ್ಟು ಖರ್ಚಾಯಿತು ಎಂದಷ್ಟೇ ಹೇಳಿದರೆ ಸಾಲದು, ಅದರಿಂದ ಏನಾಯಿತು ಎಂದೂ ಹೇಳಬೇಕು.

ಕೋಣೆಯಲ್ಲಿ ಕೂರಬೇಕಾದ ಈ 'ಸಂಬಂಧಪಟ್ಟವರ' ವಿಷಯದಲ್ಲಿ ಕನ್ನಡದ ಸರ್ಕಾರಿ ಬರಹ ಎಡವಿದೆ. ಇತ್ತೀಚಿನ ಅನುವಾದಗಳಲ್ಲಿ ಅವರನ್ನು 'ಮಧ್ಯಸ್ಥಗಾರರು' ಎಂದು ಬರೆಯುವುದುಂಟು. ಮಧ್ಯಸ್ಥನೆಂದರೆ ಇಬ್ಬರ ಜಗಳ ಬಿಡಿಸುವವನು, ತನಗೆ ಆ ಸೊತ್ತಿನಲ್ಲಿ ಪಾಲಿಲ್ಲದವನು. ಪಾಲಿದ್ದವನನ್ನು ಪಾಲಿಲ್ಲದವನ ಹೆಸರಿನಿಂದ ಕರೆದಂತಾಯಿತು. 'ಭಾಗೀದಾರರು' ವಾಸಿ. ಆದರೆ ಕೆರೆಯ ಮಟ್ಟಿಗೆ ನಮ್ಮಲ್ಲಿ ಇನ್ನೂ ನಿಖರವಾದ ಮಾತಿತ್ತು: ಅಚ್ಚುಕಟ್ಟುದಾರ. ಕೆರೆಯ ತೂಬಿನಿಂದ ಹೊರಟ ನೀರು ಎಲ್ಲಿಯವರೆಗೆ ಹರಿಯುತ್ತದೋ ಅಲ್ಲಿಯವರೆಗಿನ ನೆಲ ಅಚ್ಚುಕಟ್ಟು, ಆ ನೆಲದವರು ಅಚ್ಚುಕಟ್ಟುದಾರರು. ತಮಿಳಿನಲ್ಲಿ ಆಯಕಟ್ಟು. ಯಾರಿಗೆ ಹಕ್ಕಿದೆ ಎಂಬುದನ್ನು ನೀರು ಹರಿದ ದಾರಿಯೇ ಹೇಳುತ್ತಿತ್ತು.

ವೇಲಚೇರಿ ಹುಟ್ಟಿದ್ದು ಇಂಥ ಒಂದು ಕೆರೆಯ ಪಕ್ಕದಲ್ಲಿ. ಹೆಸರಿನ 'ಚೇರಿ' ನಮ್ಮ 'ಕೇರಿ'ಯ ಒಡಹುಟ್ಟು; ತಮಿಳಿನಲ್ಲಿ ಕಕಾರ ಚಕಾರವಾಗಿದೆ, ಅಷ್ಟೆ. ಇನ್ನೊಂದು ಪದ ಕನ್ನಡಿಗರನ್ನು ದಾರಿ ತಪ್ಪಿಸುತ್ತದೆ. ತಮಿಳರು 'ಏರಿ' ಎಂದರೆ ಕೆರೆ, ನಾವು 'ಏರಿ' ಎಂದರೆ ಕೆರೆಯ ಕಟ್ಟೆ. ಅವರ ಮಾತು ನೀರನ್ನು ಹೆಸರಿಸಿದರೆ ನಮ್ಮದು ನೀರನ್ನು ತಡೆದ ಮಣ್ಣನ್ನು ಹೆಸರಿಸುತ್ತದೆ. ಊರು ಹಳೆಯದು, ಇಲ್ಲಿನ ದಂಡೀಶ್ವರ ಗುಡಿಯಲ್ಲಿ ಚೋಳರ ಕಾಲದ ಶಾಸನಗಳಿವೆ. ಕೆರೆಯ ವಿಸ್ತಾರ ಒಂದು ಕಾಲಕ್ಕೆ ಸುಮಾರು 265 ಎಕರೆ ಇತ್ತೆಂದೂ ಈಗ ಸುಮಾರು 55 ಎಕರೆ ಉಳಿದಿದೆಯೆಂದೂ ವರದಿಗಳು ಹೇಳುತ್ತವೆ. ಕೆರೆಯನ್ನು ತಿಂದವರು ಒತ್ತುವರಿದಾರರು ಮಾತ್ರವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ವಸತಿ ಯೋಜನೆಗೆಂದು ಸರ್ಕಾರಿ ಸಂಸ್ಥೆಗಳೇ ಕೆರೆಯಂಗಳವನ್ನು ಬಳಸಿಕೊಂಡವು.

ಇದನ್ನು ಬರಿಯ ದುರಾಸೆಯ ಕಥೆಯಾಗಿ ಓದುವುದು ಸುಲಭ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ತಖ್ತೆಯ ಕಣ್ಣಿನಿಂದ ನೋಡಿದರೆ ವಸತಿ ಯೋಜನೆ ಗೆದ್ದ ಯೋಜನೆ. ಮನೆಗಳು ಎದ್ದವು, ಮಧ್ಯಮ ವರ್ಗಕ್ಕೆ ಸೂರು ಸಿಕ್ಕಿತು. ಹುಟ್ಟುವಳಿಯೂ ಇದೆ, ಫಲವೂ ಇದೆ. ಆ ಹೊತ್ತಿಗೆ ಆಗಿದ್ದ ಬದಲಾವಣೆ ಬೇರೆ. ಭತ್ತದ ಗದ್ದೆಗಳು ಸೈಟುಗಳಾದಾಗ ಆಯಕಟ್ಟು ಹೋಯಿತು. ಆಯಕಟ್ಟು ಹೋದಮೇಲೆ ಕೆರೆಗೆ ಹಕ್ಕುದಾರರೇ ಇಲ್ಲವಾದರು. ತೂಬು ಯಾವಾಗ ಎತ್ತಬೇಕು, ಹೂಳು ಯಾವಾಗ ತೆಗೆಯಬೇಕು, ಕೋಡಿಗೆ ಯಾರು ಅಡ್ಡ ಬಂದರು ಎಂದು ಕೇಳುವವರಿಲ್ಲದ ನೀರು ಕಾಗದದ ಮೇಲೆ ಖಾಲಿ ಜಾಗ. ಇಂಥ ನೆಲವನ್ನು ಮದರಾಸು ಪ್ರಾಂತದ ಕಂದಾಯ ದಾಖಲೆ ಪೊರಂಬೋಕು ಎನ್ನುತ್ತಿತ್ತು. ಅದೇ ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡ, ಕಾಸರಗೋಡಿನವರಿಗೆ ಈ ಪದ ಪರಂಬೋಕು ಎಂದು ಇಂದಿಗೂ ಪರಿಚಿತ. ಮೈಸೂರು ಕಡೆಯ ಪಹಣಿಯಲ್ಲಿ ಇದರ ಸಮೀಪದ ಮಾತು 'ಬಿ ಖರಾಬು'. ಸಾರ್ವಜನಿಕರದ್ದು ಎಂಬ ಅರ್ಥದ ಮಾತುಗಳು ಯಾರದ್ದೂ ಅಲ್ಲ ಎಂಬ ಅರ್ಥಕ್ಕೆ ಜಾರಿದ್ದು ಎರಡು ಕಡೆಯೂ ಒಂದೇ ರೀತಿ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದದ್ದು, ಸಂಪಂಗಿ ಕೆರೆ ಕ್ರೀಡಾಂಗಣವಾದದ್ದು ನೆನಪಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ.

ಹಕ್ಕುದಾರರು ಇದ್ದ ಕಾಲ ಹೇಗಿತ್ತು? ಚೆನ್ನೈಗೆ ತೀರ ದೂರವಲ್ಲದ ಉತ್ತರಮೇರೂರಿನಲ್ಲಿ ಒಂದನೇ ಪರಾಂತಕನ ಕಾಲದ ಎರಡು ಶಾಸನಗಳಿವೆ, ಕ್ರಿ.ಶ. 919 ಮತ್ತು 921ರವು. ಊರಿನ ಸಭೆ ವರ್ಷವರ್ಷವೂ ಸಮಿತಿಗಳನ್ನು ಹೇಗೆ ಆರಿಸಬೇಕೆಂಬ ನಿಯಮ ಅವುಗಳಲ್ಲಿದೆ. ತೋಟದ ಸಮಿತಿಯ ಜೊತೆಗೆ 'ಏರಿ ವಾರಿಯಂ', ಅಂದರೆ ಕೆರೆಯ ಸಮಿತಿಯೂ ಇತ್ತು. ಹೆಸರು ಬರೆದ ಗರಿಗಳನ್ನು ಕೊಡದಲ್ಲಿ ಹಾಕಿ ಚಿಕ್ಕ ಹುಡುಗನ ಕೈಯಿಂದ ಎತ್ತಿಸುತ್ತಿದ್ದರು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಮಾತ್ರವಲ್ಲ, ಅವನ ಹತ್ತಿರದ ನೆಂಟರೂ ಅನರ್ಹರು! ಲೆಕ್ಕಪರಿಶೋಧನೆಯ ಭಯ ನೆಂಟಸ್ತಿಕೆಯ ಮೂಲಕ ಕೆಲಸ ಮಾಡುತ್ತಿತ್ತು. ಇದನ್ನು ಪ್ರಾಚೀನ ಪ್ರಜಾಪ್ರಭುತ್ವವೆಂದು ಹೊಗಳುವ ರೂಢಿಯಿದೆ. ಕಂದಾಯ ಕಟ್ಟುವ ಭೂಮಿ, ಸ್ವಂತ ಮನೆ, ವೇದವಿದ್ಯೆ ಇಷ್ಟೂ ಇದ್ದವನ ಹೆಸರು ಮಾತ್ರ ಆ ಕೊಡಕ್ಕೆ ಬೀಳುತ್ತಿತ್ತು ಎಂಬುದನ್ನು ಹೊಗಳಿಕೆಯ ಜೊತೆಗೇ ಹೇಳಬೇಕು. ಗದ್ದೆಯಲ್ಲಿ ದುಡಿಯುವವನು, ಹೆಂಗಸರು ಲೆಕ್ಕಕ್ಕಿಲ್ಲ. ಪಟ್ಟಿ ಇತ್ತು, ಪಟ್ಟಿಯ ಹೊರಗೂ ಬಹಳ ಜನರಿದ್ದರು.

ಪಟ್ಟಿಯ ಹೊರಗಿದ್ದವರು ಯೋಜನೆಯನ್ನು ಏನು ಮಾಡಬಲ್ಲರು ಎಂಬುದಕ್ಕೆ ವೇಲಚೇರಿಯ ರೈಲು ಒಳ್ಳೆಯ ಸಾಕ್ಷಿ. ಚೆನ್ನೈ ಬೀಚ್‌ನಿಂದ ಎತ್ತರದ ಕಂಬಗಳ ಮೇಲೆ ಹಂತಹಂತವಾಗಿ ಬೆಳೆದ ಎಂಆರ್‌ಟಿಎಸ್ ಮಾರ್ಗ ವೇಲಚೇರಿ ಮುಟ್ಟಿದ್ದು 2007ರಲ್ಲಿ. ಅಲ್ಲಿಂದ ಪರಂಗಿಮಲೆಗೆ, ಅಂದರೆ ಸೇಂಟ್ ಥಾಮಸ್ ಮೌಂಟ್‌ಗೆ, ಇನ್ನು 5 ಕಿಲೋಮೀಟರ್ ಮುಂದುವರಿಸಿದರೆ ಈ ಮಾರ್ಗ ತಾಂಬರಂ ಕಡೆಯ ಉಪನಗರ ರೈಲಿಗೆ ಕೂಡಿಕೊಳ್ಳುತ್ತದೆ. ಕೆಲಸ 2008ರಲ್ಲಿ ಆರಂಭವಾಯಿತು. ಹೆಚ್ಚಿನ ಭಾಗ ಮುಗಿದೂ ಹೋಯಿತು. ಸುಮಾರು 500 ಮೀಟರಿನಲ್ಲಿ ನಿಂತಿತು. ಆದಂಬಾಕ್ಕಂ ಭಾಗದ ಭೂಮಾಲೀಕರು ಪರಿಹಾರದ ಪ್ರಶ್ನೆ ಎತ್ತಿ ನ್ಯಾಯಾಲಯಕ್ಕೆ ಹೋದರು. ಆಮೇಲೆ ಹುಟ್ಟಿದ ಮೆಟ್ರೋ 2016ರಲ್ಲೇ ಪರಂಗಿಮಲೆ ತಲುಪಿತು, ಆಗಲೂ ಈ ರೈಲು ತಲುಪಿರಲಿಲ್ಲ. ವ್ಯಾಜ್ಯ ತೀರಿ ಕೆಲಸ ಮತ್ತೆ ಶುರುವಾದ ಮೇಲೆ, 2024ರ ಜನವರಿಯಲ್ಲಿ, ಕಟ್ಟುತ್ತಿದ್ದ ತೊಲೆಗಳು ಕುಸಿದದ್ದೂ ಆಯಿತು. ಭೂಸ್ವಾಧೀನವೆಂಬುದು ನಾಲ್ಕನೆಯ ಕಾಲಮ್‌ನ ಒಂದು ಊಹೆಯಾಗಿ ಕೂತಿರುತ್ತದೆ. ಅದು ಕೈಕೊಟ್ಟರೆ ಉಳಿದ ನಾಲ್ಕೂವರೆ ಕಿಲೋಮೀಟರ್ ಕಾಂಕ್ರೀಟು ವರ್ಷಗಟ್ಟಲೆ ಹುಟ್ಟುವಳಿಯಾಗಿಯೇ ಉಳಿಯುತ್ತದೆ, ಫಲವಾಗುವುದಿಲ್ಲ. ಆ ಭೂಮಾಲೀಕರನ್ನು ಅಡ್ಡಿ ಎನ್ನುವವರಿದ್ದಾರೆ. ಅವರನ್ನು ಕೊನೆಗೆ ಕೇಳಿದ್ದು ಅಡ್ಡಿಯೋ, ಅವರು ಉತ್ತರಿಸಿದ್ದು ಅಡ್ಡಿಯೋ ಎಂಬ ಪ್ರಶ್ನೆಯೂ ಇದೆ.

ರೈಲಿಗಾದರೆ ನಕ್ಷೆಯ ಮೇಲೆ ಗೆರೆಯಿದೆ. ಯಾರ ಜಾಗ ಹೋಗುತ್ತದೆಂದು ಎಣಿಸಬಹುದು. ನೀರಿನ ವಿಷಯದಲ್ಲಿ ಹಾಗಲ್ಲ. ಆದಂಬಾಕ್ಕಂ ಕೆರೆಯಿಂದ ಹೊರಟ ವೀರಾಂಗಾಲ್ ಓಡೈ ಎಂಬ ಹಳ್ಳ ವೇಲಚೇರಿಯನ್ನು ಹಾದು ಪಳ್ಳಿಕರಣೈ ಜೌಗಿಗೆ ಬೀಳುತ್ತದೆ. ಜೌಗು ತುಂಬಿದರೆ ನೀರು ಒಕ್ಕಿಯಂ ಮಡುವಿನ ಮೂಲಕ ಬಕಿಂಗ್‌ಹ್ಯಾಂ ಕಾಲುವೆಗೆ, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಮುಟ್ಟುಕಾಡಿನ ಅಳಿವೆಗೆ. ಮಳೆಗಾಲದಲ್ಲಿ ಸುತ್ತಲಿನ ಕೆರೆಗಳ ಹೆಚ್ಚುವರಿ ನೀರನ್ನು ಕೂಡಿಟ್ಟುಕೊಂಡು ನಿಧಾನವಾಗಿ ಬಿಡುವುದೇ ಪಳ್ಳಿಕರಣೈಯ ಕೆಲಸ. 50 ಚದರ ಕಿಲೋಮೀಟರಿಗೂ ಹೆಚ್ಚಿತ್ತೆನ್ನಲಾದ ಆ ಜೌಗನ್ನು ಕಸದ ರಾಶಿ, ಕಚೇರಿ ಕಟ್ಟಡ, ರಸ್ತೆ, ಬಡಾವಣೆ ಎಲ್ಲವೂ ಹಂಚಿಕೊಂಡವು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸರ್ ಪಟ್ಟಿಗೆ ಸೇರುವ ಹೊತ್ತಿಗೆ ಗುರುತಿಸಲು ಉಳಿದದ್ದು ಸುಮಾರು 1,248 ಹೆಕ್ಟೇರ್.

ಈಗ ಮೇಲ್ಸೇತುವೆಯ ಕಾರುಗಳಿಗೆ ಬರೋಣ. 2015ರ ಡಿಸೆಂಬರ್ ಮೊದಲ ವಾರ ಪಕ್ಕದ ತಾಂಬರಂನಲ್ಲಿ ಒಂದೇ ದಿನಕ್ಕೆ 49 ಸೆಂಟಿಮೀಟರ್ ಮಳೆ ಸುರಿದಾಗ ವೇಲಚೇರಿಯ ತಗ್ಗು ಬಡಾವಣೆಗಳು ಮುಳುಗಿದವು. 2023ರ ಡಿಸೆಂಬರ್ 4ರಂದು ಮಿಚಾಂಗ್ ಮಳೆಗೆ ಐದು ಫರ್ಲಾಂಗ್ ರಸ್ತೆಯ ಬಳಿ ಕಟ್ಟಡವೊಂದಕ್ಕೆಂದು ತೋಡಿದ್ದ ಆಳದ ಗುಂಡಿಯ ಅಂಚು ಕುಸಿದು, ನೀರು ತುಂಬಿ, ಅದರಲ್ಲಿ ಸಿಕ್ಕಿಕೊಂಡ ಇಬ್ಬರು ಕೆಲಸಗಾರರು ಸತ್ತರು. ಶವಗಳನ್ನು ಹೊರತೆಗೆಯಲು ದಿನಗಳೇ ಹಿಡಿದವು. ವಸತಿ ಯೋಜನೆ, ರಸ್ತೆ, ರೈಲು ನಿಲ್ದಾಣ ಒಂದೊಂದನ್ನೂ ಪ್ರತ್ಯೇಕವಾಗಿ ಮೌಲ್ಯಮಾಪನ ಮಾಡಿದರೆ ಒಂದೊಂದಕ್ಕೂ ಏನಾದರೂ ಅಂಕ ಸಿಗುತ್ತದೆ. ಪ್ರವಾಹ ಮಾತ್ರ ಯಾವ ಯೋಜನೆಯ ಫಲವೂ ಅಲ್ಲ. ಎಲ್ಲ ಯೋಜನೆಗಳ ನಡುವಿನ ಸಂದಿಯಲ್ಲಿ ಹುಟ್ಟಿದ್ದು. ಒಂದು ಯೋಜನೆ 'ನೀರು ಹೇಗೂ ಕೆಳಕ್ಕೆ ಹರಿಯುತ್ತದೆ' ಎಂದು ಊಹಿಸಿಕೊಂಡ ಆ ಕೆಳಗಿನ ಜಾಗದಲ್ಲಿ ಇನ್ನೊಂದು ಯೋಜನೆ ಕಟ್ಟಡ ಎಬ್ಬಿಸಿರುತ್ತದೆ.

ಪರಿಹಾರವೆಂದು ಬಂದ ಕೆಲಸಗಳಲ್ಲೂ ಇದೇ ತೊಡಕು ಕಾಣುತ್ತದೆ. 2015ರ ನಂತರ ಅಡಯಾರು, ಕೂವಂ ದಂಡೆಯ ಬಡ ಕುಟುಂಬಗಳನ್ನು ಪ್ರವಾಹದಿಂದ ಕಾಪಾಡುವ ಹೆಸರಿನಲ್ಲಿ ಎಬ್ಬಿಸಿ ಕಳಿಸಿದ ಜಾಗಗಳಲ್ಲಿ ಪೆರುಂಬಾಕ್ಕಂ ಒಂದು. ಪೆರುಂಬಾಕ್ಕಂ ಇರುವುದು ಪಳ್ಳಿಕರಣೈ ಜೌಗಿನ ಮಗ್ಗುಲಲ್ಲೇ! ಇನ್ನು ಕೋವಳಂ ಜಲಾನಯನದ ಮಳೆನೀರು ಕಾಲುವೆ ಯೋಜನೆಯಲ್ಲಿ ಪೂರ್ವ ಕರಾವಳಿ ರಸ್ತೆಯ ನಿವಾಸಿಗಳು ನಮಗೆ ಕಾಲುವೆಯೇ ಬೇಡವೆಂದು ಹಸಿರು ನ್ಯಾಯಮಂಡಳಿಗೆ ಹೋದರು. ತಮ್ಮದು ಮರಳು ನೆಲ, ಮಳೆ ಬಿದ್ದಲ್ಲೇ ಇಂಗುತ್ತದೆ, ಕಾಲುವೆ ಮಾಡಿ ಅದನ್ನು ಹರಿಸಿಬಿಟ್ಟರೆ ಬಾವಿಗೆ ಉಪ್ಪುನೀರು ನುಗ್ಗುತ್ತದೆ ಎಂಬುದು ಅವರ ವಾದ. ವೇಲಚೇರಿಯ ಜೇಡಿನೆಲದವರಿಗೆ ತುರ್ತಾಗಿ ಬೇಕಾದದ್ದೇ ಕೆಲವು ಕಿಲೋಮೀಟರ್ ಆಚೆಯವರಿಗೆ ಕೇಡು. 'ನಾಗರಿಕರು' ಎಂದು ಒಂದೇ ಸಾಲಿನಲ್ಲಿ ಬರೆದುಕೊಂಡ ಭಾಗೀದಾರರ ಪಟ್ಟಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ನನ್ನ ವಾದ ಇಷ್ಟು. ಇಂಥ ಕಡೆ ಭಾಗೀದಾರರ ಪಟ್ಟಿಯನ್ನು ವಾರ್ಡಿನ ಗಡಿಯಿಂದಾಗಲಿ, ಅನುದಾನ ಬಂದ ಇಲಾಖೆಯಿಂದಾಗಲಿ ಶುರುಮಾಡಬಾರದು. ಅಚ್ಚುಕಟ್ಟಿನ ಹಳೆಯ ಕ್ರಮದಲ್ಲಿ, ನೀರು ಹರಿಯುವ ದಾರಿಯಲ್ಲಿ ನಡೆಯುತ್ತ ಬರೆಯಬೇಕು. ಹಳೆಯ ಕ್ರಮಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಅಂದು ನೀರು ಬೇಕಾದವರು ಹಕ್ಕುದಾರರಾಗಿದ್ದರು, ಇಂದು ನೀರು ಬೇಡವಾದವರೂ ಹಕ್ಕುದಾರರು. ಕರ್ನಾಟಕದಲ್ಲಿ ವಿಶ್ವಬ್ಯಾಂಕ್ ನೆರವಿನಿಂದ 2002ರಲ್ಲಿ ಆರಂಭವಾದ ಕೆರೆ ಅಭಿವೃದ್ಧಿ ಯೋಜನೆ, ಜಲಸಂವರ್ಧನೆ ಯೋಜನಾ ಸಂಘದ ಮೂಲಕ ಊರೂರಲ್ಲಿ ಬಳಕೆದಾರರ ಸಂಘಗಳನ್ನು ಕಟ್ಟಿಸಿತು. ಹಳ್ಳಿಯಲ್ಲಿ ಅದು ಸಾಧ್ಯವಾದದ್ದು ಕೆರೆಯನ್ನು ಬಳಸುವವರು ಕಣ್ಣೆದುರಿಗೆ ಇದ್ದುದರಿಂದ. ನಗರದಲ್ಲಿ ಕೆರೆಯ 'ಬಳಕೆದಾರ' ಯಾರು? ಬೆಳಿಗ್ಗೆ ಅದರ ಸುತ್ತ ನಡೆಯುವವನೋ, ಕೊಳಚೆ ಬಿಡುವವನೋ, ದಂಡೆಯ ಮೇಲೆ ಗುಡಿಸಲು ಹಾಕಿಕೊಂಡವನೋ, ಕೋಡಿ ಬಿದ್ದ ದಿನ ಕೆಳಗಿನ ಬಡಾವಣೆಯಲ್ಲಿ ಸೋಫಾ ಎತ್ತಿ ಮಂಚದ ಮೇಲಿಡುವವನೋ?

ಪ್ರಯೋಗಕ್ಕೆಂದು ಅಂಥ ಒಂದು ಪಟ್ಟಿಯನ್ನು ನಾನೇ ನಕ್ಷೆ ಹಿಡಿದು ಬರೆಯಲು ಕೂತೆ. ಆದಂಬಾಕ್ಕಂನಿಂದ ಹೊರಟೆ. ಕೆರೆಗೆ ಜಲಸಂಪನ್ಮೂಲ ಇಲಾಖೆ, ಬೀದಿಯ ಚರಂಡಿಗೆ ಮಹಾನಗರ ಪಾಲಿಕೆ, ಜೌಗಿಗೆ ಅರಣ್ಯ ಇಲಾಖೆ, ದೊಡ್ಡ ರಸ್ತೆಗಳಿಗೆ ಹೆದ್ದಾರಿ ಇಲಾಖೆ, ಹಳಿಗಳಿಗೆ ರೈಲ್ವೆ. ಇವರನ್ನು ಪಟ್ಟಿಗೆ ಸೇರಿಸಲು ಕಷ್ಟವಾಗಲಿಲ್ಲ, ಅವರಿಗೆ ಕಚೇರಿ ಇದೆ, ಮೊಹರು ಇದೆ. ನಂತರ ವೇಲಚೇರಿಯ ವಿಜಯನಗರ ಬಡಾವಣೆಯ ಬಾಡಿಗೆದಾರರು, ಗುಂಡಿ ತೋಡಲು ಬೇರೆ ಊರಿಂದ ಬಂದ ಕೂಲಿಗಳು, ಪೆರುಂಬಾಕ್ಕಂನ ಬಹುಮಹಡಿಯ ನೆಲ ಅಂತಸ್ತಿನವರು. ನೀರಿನ ಜೊತೆ ಮುಟ್ಟುಕಾಡಿಗೆ ಬಂದು ನಿಂತಾಗ ಅಳಿವೆಯಲ್ಲಿ ಬಲೆ ಬೀಸುವವರು ಸಿಕ್ಕರು. ಮೇಲಿನಿಂದ ಸಿಹಿನೀರು ಎಷ್ಟು, ಯಾವಾಗ ಬರುತ್ತದೆ ಎಂಬುದರ ಮೇಲೆ ಅವರ ಮೀನು, ಸೀಗಡಿ ನಿಂತಿದೆ. ವೇಲಚೇರಿಯ ಚರಂಡಿಯ ತಖ್ತೆಯಲ್ಲಿ ಅವರಿಗೆ ಜಾಗ ಹುಡುಕಿದೆ. ಮೊದಲ ಮೂರು ಕಾಲಮ್‌ಗಳಲ್ಲಿ ಎಲ್ಲೂ ಕೂರಲಿಲ್ಲ. ನಾಲ್ಕನೆಯದರಲ್ಲಿ ನಾನೇ ಆಗಲೇ ಬರೆದಿಟ್ಟಿದ್ದ ಒಂದು ಸಾಲಿತ್ತು: ನೀರು ಅಡೆತಡೆಯಿಲ್ಲದೆ ಸಮುದ್ರ ಸೇರುತ್ತದೆ.