ಕಲ್ಲಚ್ಚಿನ ಹಕ್ಕಿಗಳು, ಹೆಸರಿಲ್ಲದ ಕೈಗಳು

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದದ್ದು ಕಲ್ಲಚ್ಚಿನಲ್ಲಿ. ಅದೇ ವರ್ಷ ಮದ್ರಾಸಿನಲ್ಲಿ ಇನ್ನೊಂದು ಕೃತಿಯ ಕಂತುಗಳು ಶುರುವಾದವು. ಅದರಲ್ಲಿ ಕಲ್ಲಿನಿಂದ ಕಾಗದಕ್ಕೆ ಇಳಿದದ್ದು ಅಕ್ಷರಗಳಲ್ಲ, ಹಕ್ಕಿಗಳು. ಕೃತಿಯ ಹೆಸರು ‘ಇಲಸ್ಟ್ರೇಷನ್ಸ್ ಆಫ್ ಇಂಡಿಯನ್ ಆರ್ನಿಥಾಲಜಿ’, ಕರ್ತೃ ಥಾಮಸ್ ಜೆರ್ಡನ್. 1847ರಲ್ಲಿ ಮುಗಿಯುವಾಗ 50 ಚಿತ್ರಗಳಿದ್ದವು.

ಜೆರ್ಡನ್ ಮದ್ರಾಸ್ ಸೈನ್ಯದ ವೈದ್ಯ. ದಂಡಿನ ಜೊತೆ ಆತ ಕೆಲವು ವರ್ಷ ಜಾಲ್ನಾದಲ್ಲಿದ್ದ. ಈಗ ಮಹಾರಾಷ್ಟ್ರದಲ್ಲಿರುವ ಆ ಊರು ಆಗ ಹೈದರಾಬಾದ್ ನಿಜಾಮರ ಸೀಮೆಯಲ್ಲಿತ್ತು. ದಖನ್ನಿನ ಬಯಲ ಹಕ್ಕಿಗಳು ಆತನಿಗೆ ಪರಿಚಯವಾದದ್ದು ಅಲ್ಲಿ. ಸ್ವಾರಸ್ಯವೆಂದರೆ, 1830ರ ದಶಕದಲ್ಲಿ ಹೈದರಾಬಾದ್ ನಗರದಲ್ಲೂ ಕಲ್ಲಚ್ಚು ಓಡುತ್ತಿತ್ತು. ನಿಜಾಮರ ದೊಡ್ಡ ಜಹಗೀರುದಾರ ಶಮ್ಸುಲ್ ಉಮರಾ ಸ್ವಂತ ಮುದ್ರಣಾಲಯ ಇಟ್ಟುಕೊಂಡು ವಿಜ್ಞಾನದ ಪುಸ್ತಕಗಳನ್ನು ಉರ್ದುವಿನಲ್ಲಿ ಅಚ್ಚು ಹಾಕಿಸುತ್ತಿದ್ದ. ಓರೆಯಾಗಿ ಇಳಿಯುವ ನಸ್ತಾಲೀಕ್ ಬರಹಕ್ಕೆ ಸೀಸದ ಮೊಳೆಗಿಂತ ಕಲ್ಲೇ ಹೆಚ್ಚು ಒಗ್ಗುತ್ತಿತ್ತು.

ಕೆಲಸ ಹೇಗೆ ನಡೆಯುತ್ತಿತ್ತೆಂದು ಸ್ವಲ್ಪ ನಿಂತು ನೋಡಬೇಕು. ನುಣ್ಣಗೆ ತಿಕ್ಕಿದ ಸುಣ್ಣಕಲ್ಲಿನ ಮೇಲೆ ಕಲಾವಿದ ಜಿಡ್ಡಿನ ಕಡ್ಡಿಯಿಂದ ಬರೆಯುತ್ತಾನೆ, ಅದೂ ಎಡಬಲ ಅದಲುಬದಲಾಗಿ. ಆಮೇಲೆ ಗೋಂದು ಮತ್ತು ಆಮ್ಲದ ಲೇಪ. ಕಲ್ಲಿಗೆ ನೀರು ಸವರಿ ಮಸಿ ಉರುಳಿಸಿದರೆ ಜಿಡ್ಡು ಮಸಿಯನ್ನು ಹಿಡಿಯುತ್ತದೆ, ಒದ್ದೆಯಾದ ಬರಿಗಲ್ಲು ಹಿಡಿಯುವುದಿಲ್ಲ. ಕಪ್ಪು ಗೆರೆಯ ಪ್ರತಿಗಳು ಒಣಗಿದ ಮೇಲೆ ಒಂದೊಂದಕ್ಕೂ ಕೈಯಿಂದ ಬಣ್ಣ ತುಂಬಬೇಕು. ಕೆಲಸ ಮುಗಿದರೆ ಕಲ್ಲನ್ನು ಮತ್ತೆ ತಿಕ್ಕಿ ಮುಂದಿನ ಚಿತ್ರಕ್ಕೆ ಸಿದ್ಧಮಾಡುತ್ತಾರೆ. ಕಲಾವಿದನ ಮೂಲ ರೇಖೆ ಅಲ್ಲಿಗೆ ನೀರಲ್ಲಿ ಹೋಯಿತು.

(ಈ ಕೆಲಸಕ್ಕೆ ಅತ್ಯುತ್ತಮ ಎನಿಸಿದ್ದು ಬವೇರಿಯಾದ ಝೋಲ್ನ್‌ಹೋಫನ್ ಕಲ್ಲು. ಆದಿಹಕ್ಕಿ ಆರ್ಕಿಯಾಪ್ಟೆರಿಕ್ಸ್‌ನ ಪಳೆಯುಳಿಕೆ ಸಿಕ್ಕಿದ್ದೂ ಅದೇ ಕಲ್ಲಿನಲ್ಲಿ. ಅದರ ಹೆಸರಿನ ಎರಡನೇ ಪದವೇ ‘ಲಿಥೋಗ್ರಾಫಿಕಾ’. ಮನುಷ್ಯರಿಗಿಂತ ಮೊದಲೇ ಆ ಕಲ್ಲಿನ ಮೇಲೆ ಹಕ್ಕಿ ಮೂಡಿತ್ತು!)

ಜೆರ್ಡನ್ನನ ಕೃತಿಗೆ ಹಕ್ಕಿಗಳನ್ನು ಬರೆದವರು ಈ ದೇಶದ ಕಲಾವಿದರು. ಕೆಲವು ಚಿತ್ರಗಳ ಕಲ್ಲಿನ ಕೆಲಸವೂ ಇಲ್ಲೇ ಆಯಿತು, ಉಳಿದದ್ದು ಲಂಡನ್ನಿನಲ್ಲಿ. ಪಕ್ಷಿಶಾಸ್ತ್ರಜ್ಞ ಸ್ಟ್ರಿಕ್‌ಲ್ಯಾಂಡ್ ಆ ಚಿತ್ರಗಳ ಅಂದವನ್ನೂ ನಿಖರತೆಯನ್ನೂ ಮೆಚ್ಚಿ ಬರೆದ. ಆದರೆ ಮೆಚ್ಚುಗೆ ಹೋಗಿ ಕೂತದ್ದು ಕರ್ತೃವಿನ ಹೆಸರಿನ ಮೇಲೆ. ಜೆರ್ಡನ್ ಹೆಸರು ಹೊತ್ತ ಹಕ್ಕಿಗಳು ಹಲವಾರಿವೆ, ಆತನಿಗೆ ಹಕ್ಕಿ ಬರೆದುಕೊಟ್ಟವರ ಹೆಸರಿನದು ಒಂದೂ ಇಲ್ಲ. ಕಾಲಧರ್ಮವೆಂದು ಸುಮ್ಮನಾಗಲು ನನಗೆ ಮನಸ್ಸಿಲ್ಲ. ಹತ್ತು ವರ್ಷ ಮೊದಲು ಲಂಡನ್ನಿನಲ್ಲಿ ಜಾನ್ ಗೌಲ್ಡ್ ಹಿಮಾಲಯದ ಹಕ್ಕಿಗಳ ಪುಸ್ತಕ ತಂದಾಗ ಅದರ 80 ಚಿತ್ರಗಳನ್ನು ಕಲ್ಲಿನ ಮೇಲೆ ಬರೆದವಳು ಅವನ ಹೆಂಡತಿ ಎಲಿಜಬೆತ್. ಅವಳಿಗೂ ಸಲ್ಲಬೇಕಾದಷ್ಟು ಸಂದಿಲ್ಲ, ನಿಜ. ಆದರೂ ಹಾಳೆಯ ಅಡಿಯಲ್ಲಿ ಅವಳ ಹೆಸರಿದೆ, ಒಂದು ಸೂರಕ್ಕಿಗೂ ಅವಳ ಹೆಸರಿದೆ. ಉರ್ದು ಕಲ್ಲಚ್ಚಿನ ಪುಸ್ತಕಗಳ ಕೊನೆಯಲ್ಲೂ ಎಷ್ಟೋ ಸಲ ಅಕ್ಷರ ಬರೆದ ಕಾತಿಬನ ಹೆಸರು ಇರುತ್ತದೆ.

ಜೆರ್ಡನ್ನನ ಕೃತಿಯ 46ನೇ ಚಿತ್ರ ಒಂದು ಪುಟ್ಟ ಹಕ್ಕಿಯದು, ವೈಟ್ ನೇಪ್ಡ್ ಟಿಟ್. ನೆಲ್ಲೂರಿನ ಪಶ್ಚಿಮಕ್ಕಿರುವ ಪೂರ್ವಘಟ್ಟದಲ್ಲಿ ಸ್ಥಳೀಯ ಬೇಟೆಗಾರರ ನೆರವಿನಿಂದ ಅದು ಸಿಕ್ಕಿತ್ತು. ಕಪ್ಪು ಮೈ, ಬಿಳಿ ಕೆನ್ನೆ, ಹಿಂಗತ್ತಿನಲ್ಲಿ ಬಿಳಿ ಮಚ್ಚೆ, ಹೊಟ್ಟೆಯ ಪಕ್ಕದಲ್ಲಿ ತುಸು ಹಳದಿ. ಬಣ್ಣ ತುಂಬುವವನಿಗೆ ಹೆಚ್ಚು ಕೆಲಸವಿಲ್ಲದ ಹಕ್ಕಿ ಇದು, ಕಲ್ಲಿನ ಮೇಲಿನ ಕಪ್ಪೇ ಮುಕ್ಕಾಲು ಪಾಲು ಹೇಳಿಬಿಡುತ್ತದೆ. ವಿಜ್ಞಾನಕ್ಕೆ ಈ ಜಾತಿ ಮೊದಲು ಗೊತ್ತಾದದ್ದೇ 1845ರಲ್ಲಿ, ಈ ಕೃತಿಯಿಂದ. ಇಂದು ಅದರ ನೆಲೆ ಹೆಚ್ಚಾಗಿ ಕಚ್ಛ್ ಮತ್ತು ರಾಜಸ್ಥಾನದ ಮುಳ್ಳುಕಾಡು. ದಕ್ಷಿಣದಲ್ಲಿ ಬಲು ಅಪರೂಪ. ಹಾಗಿದ್ದೂ ನಮ್ಮ ಕಾವೇರಿ ವನ್ಯಧಾಮದ ಕುರುಚಲು ಕಾಡಿನಲ್ಲಿ ಪಕ್ಷಿವೀಕ್ಷಕರು ಅದನ್ನು ಕಂಡಿದ್ದಾರೆ.