ಫೈಲ್ ತೆರೆಯುವ ಸಾಲಿನ ಅವ್ಯಕ್ತ ನಿರ್ಧಾರಗಳು: ಪೈಥಾನ್ ಕಲಿಕೆ ಮತ್ತು ಕನ್ನಡ ಪಠ್ಯ

ಪೈಥಾನ್ ಕಲಿಕೆಯಲ್ಲಿ ಫೈಲಿಗೆ ಬರೆಯುವ ಪಾಠ ಹೆಚ್ಚಾಗಿ ಮೂರು ಹೆಜ್ಜೆಗಳಲ್ಲಿ ಮುಗಿಯುತ್ತದೆ: ಓಪನ್, ರೈಟ್, ಕ್ಲೋಸ್. ದೋಷಸೂಚನೆ ಬರುವುದು ರೈಟ್ ಸಾಲಿನಲ್ಲಾದ್ದರಿಂದ ಹೊಸಬರು ತಪ್ಪನ್ನೂ ಅಲ್ಲೇ ಹುಡುಕುತ್ತಾರೆ. ತೊಡಕಿನ ಮೂಲ ಓಪನ್‌ನಲ್ಲಿದೆ ಎಂಬುದು ಈ ಲೇಖನದ ವಾದ. ಇಂಗ್ಲಿಷ್ ಪಠ್ಯದಲ್ಲಷ್ಟೇ ಅಭ್ಯಾಸ ಮಾಡಿದವರಿಗೆ ಇದು ವರ್ಷಗಟ್ಟಲೆ ಕಾಣದಿರಬಹುದು. ಕನ್ನಡ ಬರೆಯಹೊರಟವರನ್ನು ಮೊದಲ ಅಭ್ಯಾಸದಲ್ಲೇ ಅಡ್ಡಗಟ್ಟಬಹುದು.

ಓಪನ್‌ನಲ್ಲಿ ಅಡಗಿರುವ ಒಂದು ನಿರ್ಧಾರ ತೆರೆಯುವ ವಿಧಾನ. ಫೈಲನ್ನು 'ಡಬ್ಲ್ಯೂ' ವಿಧಾನದಲ್ಲಿ ತೆರೆದರೆ ಅದರಲ್ಲಿ ಮೊದಲೇ ಇದ್ದುದೆಲ್ಲ ತೆರೆದಾಗಲೇ ಅಳಿಯುತ್ತದೆ, ರೈಟ್‌ವರೆಗೆ ಕಾಯುವುದಿಲ್ಲ. ಹಳೆಯದರ ಕೊನೆಗೆ ಸೇರಿಸಲು 'ಎ' ಇದೆ. ಅದೇ ಹೆಸರಿನ ಫೈಲ್ ಇದ್ದರೆ ತೆರೆಯಲು ಒಪ್ಪದ 'ಎಕ್ಸ್' 3.3ನೇ ಆವೃತ್ತಿಯಲ್ಲಿ ಬಂತು. ಹೊಸಬರಿಗೆ ಮೊದಲು ಕಲಿಸಬೇಕಾದುದು ಈ ಎಕ್ಸ್ ಅನ್ನೇ ಎಂದು ನನಗನ್ನಿಸುತ್ತದೆ.

ಇನ್ನೊಂದು ನಿರ್ಧಾರ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟುಗಳಾಗಿಸುವ ನಿಯಮ. ಅದನ್ನು ಹೇಳದೆ ಬಿಟ್ಟರೆ ಪೈಥಾನ್ ಕಾರ್ಯಾಚರಣ ವ್ಯವಸ್ಥೆಯ ರೂಢಿಯನ್ನು ಅನುಸರಿಸುತ್ತದೆ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ ಯುಟಿಎಫ್-8. ಇಂಗ್ಲಿಷ್ ವಿಂಡೋಸ್‌ನಲ್ಲಿ ಸಿಪಿ-1252. ಈ ಎರಡನೆಯದರಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ಹಾಗಾಗಿ ಉಬುಂಟು ಇರುವ ಪ್ರಯೋಗಾಲಯದಲ್ಲಿ ಸರಿಯಾಗಿ ಓಡಿದ ಪ್ರೋಗ್ರಾಂ ಮನೆಯ ವಿಂಡೋಸ್‌ನಲ್ಲಿ 'ಯೂನಿಕೋಡ್ ಎನ್‌ಕೋಡ್ ಎರರ್' ಎಂದು ನಿಲ್ಲುತ್ತದೆ. ಅಷ್ಟರಲ್ಲಿ 'ಡಬ್ಲ್ಯೂ' ತನ್ನ ಕೆಲಸ ಮುಗಿಸಿರುತ್ತದೆ: ಹೊಸ ಪಠ್ಯ ಬರೆಯಲಾಗಲಿಲ್ಲ, ಹಳೆಯದು ಉಳಿಯಲಿಲ್ಲ. ಫೈಲಿನ ಗಾತ್ರ 0 ಬೈಟ್.

ಓದುವಾಗಿನ ವರ್ತನೆ ಇನ್ನೂ ವಿಚಿತ್ರ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. 'ಕನ್ನಡ' ಎಂಬ ಪದವನ್ನು ಬರೆದರೆ ರೈಟ್ 5 ಎಂಬ ಸಂಖ್ಯೆ ಹಿಂದಿರುಗಿಸುತ್ತದೆ, ಡಿಸ್ಕಿನಲ್ಲಿ ಕೂರುವುದು 15 ಬೈಟ್. ಈಗ ಅದನ್ನೇ ಸಿಪಿ-1252 ಎಂದು ಓದಿಸಿದರೆ ಮೊದಲ ಎರಡು ಅಕ್ಷರಗಳ 6 ಬೈಟುಗಳು ಅರ್ಥವಿಲ್ಲದ ಚಿಹ್ನೆಗಳಾಗಿ ದಾಟಿಹೋಗುತ್ತವೆ. ನಕಾರಕ್ಕೆ ಒತ್ತು ಕೊಡುವ ಹಲಂತ ಚಿಹ್ನೆಯಲ್ಲಿ ಓದು ಮುಗ್ಗರಿಸುತ್ತದೆ. ಹೆಕ್ಸಾಡೆಸಿಮಲ್ ಎಣಿಕೆಯಲ್ಲಿ ಆ ಚಿಹ್ನೆಯ ಕೊನೆಯ ಬೈಟ್ 8ಡಿ. ಪೈಥಾನ್ ಬಳಸುವ ಸಿಪಿ-1252 ಪಟ್ಟಿಯಲ್ಲಿ ಆ ಮನೆ ಖಾಲಿ. ಕೊಂಬಿನ ಕೊನೆಯ ಬೈಟ್ 81, ಅದೂ ಖಾಲಿ. ಒತ್ತಕ್ಷರವಾಗಲಿ ಕೊಂಬಾಗಲಿ ಇಲ್ಲದ ಕನ್ನಡ ವಾಕ್ಯ ವಿರಳವಾದ್ದರಿಂದ ತಪ್ಪು ಬೇಗನೆ ಬಯಲಾಗುತ್ತದೆ. ಇದು ನಮ್ಮ ಲಿಪಿಗೆ ಅಕಸ್ಮಾತ್ತಾಗಿ ಸಿಕ್ಕ ಕಾವಲು! 'ಮರ' ಎಂಬ ಪದಕ್ಕೆ ಆ ಕಾವಲೂ ಇಲ್ಲ. ಅದು ಯಾವ ದೂರೂ ಇಲ್ಲದೆ 6 ಅಸಂಬದ್ಧ ಚಿಹ್ನೆಗಳಾಗಿ ಒಳಬರುತ್ತದೆ.

ಬರೆದದ್ದು ಬಫರ್‌ನಲ್ಲೇ ತಂಗಿ, ಮುಚ್ಚುವವರೆಗೆ ಡಿಸ್ಕಿಗೆ ಇಳಿಯದಿರುವ ಸಮಸ್ಯೆಯನ್ನು ಇಲ್ಲಿ ಬೆಳೆಸಬೇಕಿಲ್ಲ, 2006ರ 2.5ನೇ ಆವೃತ್ತಿಯೊಂದಿಗೆ ಬಂದ 'ವಿತ್' ಹೇಳಿಕೆ ಅದನ್ನು ಬಹುಮಟ್ಟಿಗೆ ನೀಗಿಸಿದೆ. ಎನ್‌ಕೋಡಿಂಗ್‌ಗೆ ಅಂಥ ಪರಿಹಾರ ತಡವಾಯಿತು. ಯುಟಿಎಫ್-8 ಅನ್ನೇ ಪೂರ್ವನಿಯೋಜಿತವಾಗಿಸುವ 'ಪೆಪ್ 686' ಪ್ರಸ್ತಾವ ಅಂಗೀಕಾರವಾಗಿದ್ದರೂ ಅದು ಅನ್ವಯವಾಗುವುದು 3.15ನೇ ಆವೃತ್ತಿಯಿಂದ. ಅದಕ್ಕಿಂತ ಹಳೆಯ ಆವೃತ್ತಿಗಳಿರುವ ಕಂಪ್ಯೂಟರುಗಳಲ್ಲಿ ಓಪನ್‌ಗೆ ಎನ್‌ಕೋಡಿಂಗ್ ಹೆಸರನ್ನು ಬಾಯಿಬಿಟ್ಟು ಹೇಳಲೇಬೇಕು. ಹಳೆಯ ಪಠ್ಯ ಬೆಲೆಯುಳ್ಳದ್ದಾದರೆ ಮೊದಲು ಬೇರೆ ಹೆಸರಿನ ಫೈಲಿಗೆ ಬರೆದು, ಅದು ಪೂರ್ತಿಯಾಗಿ ಮುಚ್ಚಿದ ಮೇಲಷ್ಟೇ 'ಓಎಸ್' ಮಾಡ್ಯೂಲಿನ 'ರಿಪ್ಲೇಸ್' ಬಳಸಿ ಮೂಲದ ಜಾಗಕ್ಕೆ ತರುವುದು ಕ್ಷೇಮ.